ಮಾರ್ಕೆಟ್ ಮೇಲೆ ಹೋಗುತ್ತಾ?

ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ಜನ ಕಂಡಕ್ಟರನ್ನು ಏನು ಕೇಳುತ್ತಾರೆ ಗಮನಿಸಿದ್ದೀರಾ? ಬಸ್ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕೇಳುವವರು ಕಡಿಮೆ. 'ಮಾರ್ಕೆಟ್ ಮೇಲೆ ಹೋಗುತ್ತಾ?', 'ಕಾರ್ಪೊರೇಷನ್ ಮೇಲೆ ಹೋಗುತ್ತಾ?' ಅಂತಲೇ ಜಾಸ್ತಿ ಕೇಳುವುದು. ಈ 'ಮೇಲೆ' ಅನ್ನುವ ಮಾತಿನ ಬೆಲೆ ನನಗೆ ತಿಳಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ನನ್ನ ಕೆಲಸ ಮಾಹಿತಿ ವಿನ್ಯಾಸ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ಎಲ್ಲಿದೆ, ಸ್ಟೇಷನ್ನಿನಲ್ಲಿ ಯಾವ ಬಾಗಿಲಿನಿಂದ ಹೊರಗೆ ಬರಬೇಕು, ಇಂಥದ್ದನ್ನೆಲ್ಲ ಬೋರ್ಡು, ನಕ್ಷೆ, ಬಾಣಗಳಲ್ಲಿ ಹೇಳುವುದು. ಕೆಲವು ವರ್ಷಗಳ ಹಿಂದೆ ಬನಶಂಕರಿ ಕಡೆಯ ಒಂದು ಸರ್ಕಲ್ಲಿನ ಬಸ್ ಸ್ಟಾಪಿಗೆ ಒಂದು ಫಲಕ ಮಾಡಿಕೊಡಿ ಅಂತ ಅಲ್ಲಿನ ನಿವಾಸಿಗಳು ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಲಂಡನ್ ಸುರಂಗ ರೈಲಿನ ನಕ್ಷೆ. ವಿದ್ಯುತ್ ನಕ್ಷೆಗಳನ್ನು ಬರೆಯುತ್ತಿದ್ದ ಹ್ಯಾರಿ ಬೆಕ್ ಅದನ್ನು ಮಾಡಿದ. 1931ರಲ್ಲಿ ತೋರಿಸಿದಾಗ ಒಪ್ಪಲಿಲ್ಲ, 1933ರಲ್ಲಿ ಅಚ್ಚಾಗಿ ಬಂತು. ಅಡ್ಡ, ಉದ್ದ, ಓರೆ ಗೆರೆಗಳು ಬಿಟ್ಟರೆ ಬೇರೆ ಇಲ್ಲ. ಊರಿನ ನಿಜವಾದ ದೂರ, ತಿರುವು ಯಾವುದನ್ನೂ ಅದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಾನೂ ಹಾಗೇ ಬಸ್ ದಾರಿಗಳನ್ನು ನೇರ ಗೆರೆಗಳಾಗಿ ಬರೆದೆ. ಪ್ರತಿ ದಾರಿಗೆ ಒಂದು ಬಣ್ಣ. ನೋಡಲು ಚೆನ್ನಾಗಿತ್ತು.

ಅದನ್ನು ನೇತುಹಾಕಿ ಮೂರು ದಿನ ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡಿದೆ. ಜನ ಒಂದು ಕ್ಷಣ ನೋಡಿ, ಸೀದಾ ಎಳನೀರಿನ ಗಾಡಿಯ ಹತ್ತಿರ ಹೋಗಿ ಕೇಳುತ್ತಿದ್ದರು. ನನಗೆ ನಿಜವಾಗಿಯೂ ಬೇಸರವಾಯಿತು. ನಾಲ್ಕನೆಯ ದಿನ ನಾನೂ ಗಾಡಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತೆ. ಯಾರು ಏನು ಕೇಳಿದರೂ ಅದೇ ಮಾತಿನಲ್ಲಿ ಪುಸ್ತಕದಲ್ಲಿ ಬರೆದುಕೊಂಡೆ.

'ಅಣ್ಣ, ಕತ್ರಿಗುಪ್ಪೆಗೆ ಇಲ್ಲೇ ನಿಲ್ಲಬೇಕಾ?'

'ಇಲ್ಲಿ ಬರಲ್ಲಮ್ಮ, ಆ ಕಡೆ ಹೋಗಿ. ಮೆಡಿಕಲ್ ಶಾಪ್ ಮುಂದೆ.'

ದಿನವಿಡೀ ಇದೇ! ಎಷ್ಟನೇ ನಂಬರಿನ ಬಸ್ ಅನ್ನುವುದಕ್ಕಿಂತ ಮೊದಲು ರಸ್ತೆಯ ಯಾವ ಕಡೆ ನಿಲ್ಲಬೇಕು ಅನ್ನುವುದೇ ಜನಕ್ಕೆ ಗೊತ್ತಿರಲಿಲ್ಲ. ಒಂದು ಸರ್ಕಲ್ಲಿನ ಸುತ್ತ ನಾಲ್ಕೈದು ಸ್ಟಾಪುಗಳು ಇರುತ್ತವೆ, ಎಲ್ಲಕ್ಕೂ ಒಂದೇ ಹೆಸರು. ನನ್ನ ನಕ್ಷೆಯಲ್ಲಿ ಆ ಇಡೀ ಸರ್ಕಲ್ ಒಂದು ಚುಕ್ಕಿ ಆಗಿತ್ತು. ಸುರಂಗದಲ್ಲಿ ಕೂತವನಿಗೆ ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಚುಕ್ಕಿ ಸಾಕು. ಬಸ್ಸಿಗೆ ಕಾಯುವವರು ಬಿಸಿಲಲ್ಲಿ ರಸ್ತೆಯ ಮೇಲೆ ನಿಂತಿರುತ್ತಾರೆ. ಅವರಿಗೆ ಮೆಡಿಕಲ್ ಶಾಪ್ ಬೇಕು, ಅರಳಿಕಟ್ಟೆ ಬೇಕು, ಪೆಟ್ರೋಲ್ ಬಂಕ್ ಬೇಕು.

ಎರಡನೆಯ ಫಲಕದಲ್ಲಿ ಸರ್ಕಲ್ಲನ್ನೇ ದೊಡ್ಡದಾಗಿ ಬರೆದೆ. 'ನೀವು ಇಲ್ಲಿದ್ದೀರಿ' ಅಂತ ಒಂದು ಗುರುತು, ಸುತ್ತ ಕಣ್ಣಿಗೆ ಕಾಣುವ ಅಂಗಡಿ, ಗುಡಿ. ಪ್ರತಿ ಸ್ಟಾಪಿನ ಪಕ್ಕ ಅಲ್ಲಿಂದ ಹೊರಡುವ ಬಸ್ಸುಗಳು ಯಾವುದರ 'ಮೇಲೆ' ಹೋಗುತ್ತವೆ ಅನ್ನುವ ಪಟ್ಟಿ. ನಂಬರುಗಳನ್ನು ಬಿಡಲಿಲ್ಲ. 500ರಲ್ಲಿ ಶುರುವಾಗುವ ಬಸ್ಸುಗಳು ರಿಂಗ್ ರೋಡಿನವು, ಕೆಐಎ ಅಂತ ಇದ್ದರೆ ಏರ್‌ಪೋರ್ಟಿನದು ಅಂತ ದಿನಾ ಓಡಾಡುವವರಿಗೆ ಬಾಯಿಪಾಠ. ಹೊಸಬರಿಗೆ ಮಾತ್ರ ಊರಿನ ಹೆಸರು ಮೊದಲು ಸಿಗಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ನಾನು ಮಾತಾಡಿಸಿದ ಹಲವು ಹೆಂಗಸರು ಮೊದಲ ಸಲ ತಮಗೆ ಗೊತ್ತಿಲ್ಲದ ಬಡಾವಣೆಗಳಿಗೆ ಹೊರಟಿದ್ದರು. ಅವರನ್ನು ನೆನಪಿನಲ್ಲಿ ಇಟ್ಟುಕೊಂಡೇ ಈ ಪಟ್ಟಿ ಮಾಡಿದ್ದು.

ಅಕ್ಷರಗಳ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ಕೆಡುವುದು ಅಲ್ಲೇ. 'ಬನಶಂಕರಿ' ಅನ್ನುವುದು ಕನ್ನಡದಲ್ಲಿ ಐದು ಅಕ್ಷರ, ಇಂಗ್ಲಿಷಿನಲ್ಲಿ ಹನ್ನೆರಡು. ಇಂಗ್ಲಿಷ್ ಅಡ್ಡಕ್ಕೆ ಬೆಳೆಯುತ್ತದೆ, ಕನ್ನಡ ಎತ್ತರಕ್ಕೆ. 'ಕತ್ರಿಗುಪ್ಪೆ' ಬರೆದು ನೋಡಿ. ಮೇಲೆ ಗುಡಿಸು, ಎತ್ವ. ನಡುವೆ ಅಕ್ಷರ. ಕೆಳಗೆ ಒತ್ತು. ಮೂರು ಅಂತಸ್ತಿನ ಮನೆ ಅದು. ಇಂಗ್ಲಿಷಿಗೆ ಅಂತ ಬಿಟ್ಟ ಸಾಲಿನ ಎತ್ತರದಲ್ಲೇ ಕನ್ನಡವನ್ನು ತುರುಕಿದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಇಡೀ ಪದವನ್ನು ಚಿಕ್ಕದು ಮಾಡಬೇಕಾಗುತ್ತದೆ. ರಸ್ತೆಯ ಆಚೆಯಿಂದ ನೋಡಿದರೆ ಒತ್ತಕ್ಷರ ಕಪ್ಪು ಮುದ್ದೆ. ಹಾಗಾಗಿ ನಾನು ಈಗ ಮೊದಲು ಕನ್ನಡದ ಸಾಲನ್ನು ಕೂರಿಸುತ್ತೇನೆ, ಅದಕ್ಕೆ ಬೇಕಾದಷ್ಟು ಜಾಗ ಕೊಟ್ಟ ಮೇಲೆ ಇಂಗ್ಲಿಷ್. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಅಳತೆ ಇಟ್ಟರೆ ಸಮಾನವಾಯಿತು ಅಂದುಕೊಳ್ಳಬೇಡಿ. ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ಓದಿ. ಮನೆಯ ಹಿರಿಯರ ಕೈಲಿ ಓದಿಸಿ.

ಹೆಸರುಗಳದ್ದು ಇನ್ನೊಂದು ಕಥೆ. ನಮ್ಮ ಊರಿನ ಏರ್‌ಪೋರ್ಟಿಗೆ ಕೆಂಪೇಗೌಡರ ಹೆಸರು. ಬಸ್ ನಿಲ್ದಾಣಕ್ಕೂ ಅವರದೇ, ಅದರ ಪಕ್ಕದ ಮೆಟ್ರೊ ನಿಲ್ದಾಣಕ್ಕೂ ಅವರದೇ. ಊರು ಕಟ್ಟಿದವರ ಹೆಸರು ಇರಲೇಬೇಕು. ಆದರೆ ಹುಬ್ಬಳ್ಳಿಯಿಂದ ಬಂದವರಿಗೆ ದಾರಿ ಹೇಳುವಾಗ ನಾವು ಅನ್ನುವುದು 'ಮೆಜೆಸ್ಟಿಕ್' ಅಂತಲೇ ಅಲ್ವಾ? ಒಂದು ಹಳೆಯ ಚಿತ್ರಮಂದಿರದ ಹೆಸರು ಅದು. ಮೆಟ್ರೊ ನಿಲ್ದಾಣದ ಪೂರ್ತಿ ಹೆಸರಿನ ಕೊನೆಗೆ ಮೆಜೆಸ್ಟಿಕ್ ಅನ್ನುವುದನ್ನೂ ಉಳಿಸಿಕೊಂಡಿದ್ದಾರೆ, ಅದು ನನಗೆ ತುಂಬ ಇಷ್ಟವಾದ ನಿರ್ಧಾರ. ನಮ್ಮ ಫಲಕದಲ್ಲೂ 'ಕೃಷ್ಣರಾಜೇಂದ್ರ ಮಾರುಕಟ್ಟೆ' ಅಂತ ಬರೆದಿದ್ದೆ. ಎಳನೀರಿನ ಅಣ್ಣ ಓದಿ, 'ಸುಮ್ನೆ ಮಾರ್ಕೆಟ್ ಅಂತ ಹಾಕಿ ಸಾರ್' ಅಂದರು. ಹಾಗೇ ಹಾಕಿದೆ.

ಫಲಕ ಬಂದ ಮೇಲೂ ಜನ ಅವರನ್ನು ಕೇಳುತ್ತಾರೆ. ಈಗ ಅವರು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಫಲಕದ ಕಡೆ ತೋರಿಸುತ್ತಾರೆ.

ಹೋದ ತಿಂಗಳು ರಸ್ತೆ ಅಗೆದು ಎರಡು ಬಸ್ಸುಗಳ ದಾರಿ ಬದಲಾಯಿತು. ಫಲಕ ಇನ್ನೂ ಹಳೆಯ ದಾರಿಯನ್ನೇ ತೋರಿಸುತ್ತಿತ್ತು. ತಪ್ಪು ಕಡೆ ಕಾದು ನಿಂತ ಒಬ್ಬ ಅಜ್ಜಿಯನ್ನು ಅಣ್ಣನೇ ರಸ್ತೆ ದಾಟಿಸಿದರಂತೆ. ಅದಕ್ಕೇ ಈಗ ಪಟ್ಟಿಯನ್ನು ಸಾಲು ಸಾಲಾಗಿ ಬಿಚ್ಚಿ ಹಾಕುವಂತೆ ಮಾಡುತ್ತಿದ್ದೇನೆ. ಒಂದು ಸಾಲು ತೆಗೆದು ಇನ್ನೊಂದು ಕೂರಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಅದು ಎಳನೀರಿನ ಗಾಡಿಯಲ್ಲೇ ಇರುತ್ತದೆ.