ಪೋರ್ಚುಗೀಸ್ ಶಾಲೆಯ ಲೆಕ್ಕವನ್ನು ಸಹಜ ಇಂಗ್ಲಿಷಿಗೆ ತರುವ ಬಗೆ

ಪ್ರಾಥಮಿಕ ತರಗತಿಯ ಪೋರ್ಚುಗೀಸ್ ಗಣಿತ ಪುಸ್ತಕ ಅನುವಾದಕ್ಕೆ ಬಂದರೆ, ನಿಘಂಟು ತೆರೆಯುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಮೂಲ ಬ್ರೆಜಿಲ್‌ನದೋ ಪೋರ್ಚುಗಲ್‌ನದೋ? ಓದುವ ಮಕ್ಕಳು ಅಮೆರಿಕದವರೋ ಬ್ರಿಟನ್ನಿನವರೋ? ಬ್ರೆಜಿಲ್‌ನ ‘ಬಿಲ್ಯಾಂವ್’ ನೂರು ಕೋಟಿ. ಪೋರ್ಚುಗಲ್‌ನ ‘ಬಿಲಿಯಾಂವ್’ ಲಕ್ಷ ಕೋಟಿ, ಅಂದರೆ ಇಂಗ್ಲಿಷಿನ ಟ್ರಿಲಿಯನ್. ಮ.ಸಾ.ಅ.ಗೆ, ಅಂದರೆ ಮಹತ್ತಮ ಸಾಮಾನ್ಯ ಅಪವರ್ತನಕ್ಕೆ, ಪೋರ್ಚುಗೀಸಿನಲ್ಲಿ ಎಂಡಿಸಿ ಎಂದಿರುತ್ತದೆ. ನಮ್ಮ ಶಾಲೆಗಳ ಎಚ್‌ಸಿಎಫ್ ಬ್ರಿಟನ್ನಿನಲ್ಲಿ ನಡೆಯುತ್ತದೆ, ಅಮೆರಿಕದ ಮಕ್ಕಳಿಗೆ ಜಿಸಿಎಫ್ ಎಂದೇ ಬರೆಯಬೇಕು.

ಮುಂದಿನ ಕೆಲಸ ಅಂಕಿಗಳದು. 1.250,75 ಎಂದಿದ್ದದ್ದು 1,250.75 ಆಗಬೇಕು. ಚುಕ್ಕಿಯನ್ನು ಹಾಗೇ ಬಿಟ್ಟರೆ ಸಾವಿರದ ಇನ್ನೂರೈವತ್ತು ಒಂದೂಕಾಲಾಗಿಬಿಡುತ್ತದೆ. ಪಠ್ಯವನ್ನೆಲ್ಲ ತಿದ್ದಿ ಚಿತ್ರದೊಳಗಿನ ಬೆಲೆಚೀಟಿ, ಅಳತೆಪಟ್ಟಿಗಳನ್ನು ಮರೆಯುವುದೇ ಹೆಚ್ಚು. ಅವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ನೋಡಿ. ಓದುವಾಗ ‘ತ್ರೇಸ್ ವೀರ್ಗುಲಾ ಸಿಂಕೊ’ ಎಂಬುದು ‘ತ್ರೀ ಪಾಯಿಂಟ್ ಫೈವ್’.

‘ಕೊಂತಾ’ ಎಂದರೆ ಇಲ್ಲಿ ಬ್ಯಾಂಕಿನ ಖಾತೆಯಲ್ಲ, ಲೆಕ್ಕ. ‘ಕೊಂತಾ ದೆ ವೇಜೆಸ್’ ಗುಣಾಕಾರದ ಲೆಕ್ಕ, ‘ಮಲ್ಟಿಪ್ಲಿಕೇಶನ್ ಪ್ರಾಬ್ಲಮ್’. ‘ತಬುವಾದಾ ದೊ ಸೇತೆ’ ಏಳರ ಮಗ್ಗಿ: ‘ಸೆವೆನ್ ಟೈಮ್ಸ್ ಟೇಬಲ್’. ‘ದೆಜೇನಾ’ ಕಿವಿಗೆ ಡಜನ್‌ನಂತೆ ಕೇಳಿದರೂ ಹತ್ತು; ಸ್ಥಾನಬೆಲೆಯ ಪಾಠದಲ್ಲಿ ‘ಟೆನ್ಸ್’. ‘ಆರ್ಮೆ ಇ ಎಫೆತುವೆ’ ಎಂಬ ಸೂಚನೆಯ ಅರ್ಥ ಒಂದರ ಕೆಳಗೊಂದು ಬರೆದು ಮಾಡಿ ಎಂದಷ್ಟೆ. ಅಮೆರಿಕಕ್ಕೆ ‘ರೈಟ್ ವರ್ಟಿಕಲಿ ಆ್ಯಂಡ್ ಸಾಲ್ವ್’ ಎಂದರೆ ಮುಗಿಯಿತು.

ಕೂಡುವಾಗ ಬಾಯಲ್ಲಿ ಹೇಳುವ ಮಾತನ್ನು ಪದಕ್ಕೆ ಪದ ಇಡಬಾರದು. 47ಕ್ಕೆ 25 ಕೂಡಿಸುವ ಮೇಷ್ಟ್ರು ‘ಸೇತೆ ಇ ಸಿಂಕೊ, ದೋಜೆ, ವಾಯಿ ಉಂ’ ಎನ್ನುತ್ತಾರೆ. ‘ವಾಯಿ ಉಂ’ ಎಂದರೆ ಒಂದು ಹೋಗುತ್ತದೆ. ಇಂಗ್ಲಿಷಿನ ತರಗತಿಯಲ್ಲಿ ಅದು ‘ಕ್ಯಾರಿ ದ ವನ್’.

ಹೆಚ್ಚು ಎಡವುವುದು ಭಾಗಾಕಾರದಲ್ಲಿ, ಏಕೆಂದರೆ ಅಲ್ಲಿ ಮಾತಿನ ಜೊತೆ ಬರೆಯುವ ವಿನ್ಯಾಸವೂ ಬೇರೆ. 95ನ್ನು 4ರಿಂದ ಭಾಗಿಸುವಾಗ ಬ್ರೆಜಿಲ್‌ನ ಮಗು 95ನ್ನು ಎಡಕ್ಕೆ, 4ನ್ನು ಬಲಗಡೆಯ ‘ಶಾವೆ’ ಎಂಬ ಮೂಲೆಗೆರೆಯೊಳಗೆ, ಭಾಗಲಬ್ಧ 23ನ್ನು ಆ 4ರ ಕೆಳಗೆ ಬರೆಯುತ್ತದೆ. ಇಂಗ್ಲಿಷಿನ ಲಾಂಗ್ ಡಿವಿಜನ್‌ನಲ್ಲಿ 4 ಎಡಕ್ಕೆ, 23 ಮೇಲಿನ ಗೆರೆಯ ಮೇಲೆ. ಹಾಗಾಗಿ ‘ಭಾಜಕದ ಕೆಳಗೆ ಬರೆಯಿರಿ’ ಎಂಬ ವಾಕ್ಯವನ್ನು ನಿಷ್ಠೆಯಿಂದ ಅನುವಾದಿಸಿದರೆ ಮಗು ತಪ್ಪು ಜಾಗದಲ್ಲಿ ಬರೆಯುತ್ತದೆ. ಚಿತ್ರವನ್ನೂ ವಾಕ್ಯವನ್ನೂ ಒಟ್ಟಿಗೆ ಬದಲಿಸಿ, ಆಗದಿದ್ದರೆ ಎರಡನ್ನೂ ಹಾಗೇ ಉಳಿಸಿ ಪಕ್ಕದಲ್ಲಿ ವಿವರಣೆ ಕೊಡಿ. ಮಾತು ಹೀಗಿರಲಿ: ‘ಫೋರ್ ಗೋಸ್ ಇನ್ಟು ನೈನ್ ಟ್ವೈಸ್, ವಿತ್ ವನ್ ಲೆಫ್ಟ್ ಓವರ್, ಬ್ರಿಂಗ್ ಡೌನ್ ದ ಫೈವ್’. ಕೊನೆಗುಳಿದ 3 ‘ರೆಸ್ತೊ’, ಇಂಗ್ಲಿಷಿನಲ್ಲಿ ‘ರಿಮೈಂಡರ್’. ಆದರೆ ಕಳೆಯುವ ಲೆಕ್ಕದ ಉತ್ತರಕ್ಕೂ ‘ರೆಸ್ತೊ’ ಎನ್ನುವುದುಂಟು, ಅಲ್ಲಿ ‘ಡಿಫರೆನ್ಸ್’. ಕಂಪ್ಯೂಟರಿನಲ್ಲಿ ಎಲ್ಲ ‘ರೆಸ್ತೊ’ಗಳನ್ನೂ ಒಮ್ಮೆಗೇ ಬದಲಿಸಬೇಡಿ.

‘ಪಾರ್ಸೆಲಾ’ ಕೂಡ ಅಂಥದ್ದೇ. ಸಂಕಲನದ ಪಾಠದಲ್ಲಿ ಅದು ಕೂಡಿಸುವ ಸಂಖ್ಯೆ, ‘ಆಡೆಂಡ್’; ಫ್ರಿಜ್ ಕೊಳ್ಳುವ ಪ್ರಶ್ನೆಯಲ್ಲಿ 120 ರೆಯಾಲ್‌ನ (ಬ್ರೆಜಿಲ್‌ನ ಹಣ) 5 ‘ಪಾರ್ಸೆಲಾಸ್’ ಎಂದರೆ ಐದು ಕಂತು.

ತಾಳೆ ನೋಡುವುದರಲ್ಲಿ ಎರಡು ಬಗೆ. ‘ಪ್ರೋವಾ ರೆಯಾಲ್’ ವಿಲೋಮ ಕ್ರಿಯೆಯಿಂದ ಪರೀಕ್ಷಿಸುವುದು: 23ನ್ನು 4ರಿಂದ ಗುಣಿಸಿ 3 ಕೂಡಿಸಿದರೆ 95. ಇದಕ್ಕೆ ‘ಚೆಕ್ ಯುವರ್ ಆನ್ಸರ್’ ಸಾಕು. ಅಂಕಿಗಳನ್ನು ಕೂಡಿಸಿ ಒಂಬತ್ತುಗಳನ್ನು ತೆಗೆದು ಉಳಿದದ್ದನ್ನು ತಾಳೆ ನೋಡುವ ‘ಪ್ರೋವಾ ದೊಸ್ ನೋವೆ’ಗೆ ‘ಕಾಸ್ಟಿಂಗ್ ಔಟ್ ನೈನ್ಸ್’ ಎಂಬ ಹೆಸರಿದೆಯಾದರೂ ಇಂದಿನ ಎಷ್ಟೋ ಮಕ್ಕಳಿಗೆ ಅದು ಹೊಸದು, ಆದ್ದರಿಂದ ವಿಧಾನವನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. 54ರ ಬದಲು 45 ಬರೆದ ತಪ್ಪನ್ನು ಅದು ಹಿಡಿಯುವುದಿಲ್ಲ ಎಂಬುದನ್ನೂ ಸೇರಿಸಿ.

ಭಿನ್ನರಾಶಿಗಳಲ್ಲಿ ‘ಸಿಂಕೊ ದೋಜೆ ಆವೊಸ್’ (5/12) ಬಂದರೆ ‘ಫೈವ್ ಟ್ವೆಲ್ಫ್ತ್ಸ್’ ಎಂದು ಬರೆಯಿರಿ. ‘ಆವೊಸ್’ಗೆ ಬೇರೆ ಪದ ಹುಡುಕುವ ಅಗತ್ಯವಿಲ್ಲ.