ಮಂಗಳೂರಿನ ಬೈಕಿಗೆ ಕಾಸರಗೋಡಿನ ನಂಬ್ರ: ಖರೀದಿಯಿಂದ ನೋಂದಣಿಯವರೆಗೆ

ಮಂಜೇಶ್ವರ, ಉಪ್ಪಳ, ಕುಂಬಳೆಯವರು ಹಳೆಯ ಬೈಕ್ ಕೊಳ್ಳಲು ಹೊರಟರೆ ಮೊದಲು ನೋಡುವುದು ಮಂಗಳೂರಿನ ಕಡೆಗೆ. ಪೆರ್ಲ, ಬದಿಯಡ್ಕದವರಿಗೆ ವಿಟ್ಲ, ಪುತ್ತೂರು ಹತ್ತಿರ. ಕಾಲೇಜಿಗೂ ಆಸ್ಪತ್ರೆಗೂ ಅತ್ತಲೇ ಹೋಗುವ ನಮಗೆ ತಲಪಾಡಿಯ ಗಡಿ ನಿತ್ಯದ ಓಡಾಟದಲ್ಲಿ ನೆನಪಾಗುವುದೇ ಇಲ್ಲ. ಆದರೆ 1956ರ ನವೆಂಬರ್ 1ರಿಂದ ಅದು ಕರ್ನಾಟಕಕ್ಕೂ ನಮ್ಮ ಕಾಸರಗೋಡು ಸೇರಿದ ಕೇರಳಕ್ಕೂ ನಡುವಿನ ರಾಜ್ಯದ ಗಡಿಯಾಗಿರುವುದರಿಂದ, ಬೈಕ್ ಹತ್ತು ನಿಮಿಷದಲ್ಲಿ ದಾಟಿದಷ್ಟು ಸುಲಭವಾಗಿ ಅದರ ಕಾಗದಪತ್ರಗಳು ದಾಟುವುದಿಲ್ಲ. ಕೆಲಸಗಳ ಕ್ರಮ ತಪ್ಪದಿದ್ದರೆ ಇದು ಕಷ್ಟದ ವಿಷಯವೇನಲ್ಲ. ತಪ್ಪಿದರೆ ಮಾತ್ರ ಮಾರಿದವರನ್ನು ಹುಡುಕಿಕೊಂಡು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಬೈಕ್ ಮೆಚ್ಚಿಗೆಯಾದ ಕೂಡಲೇ ಮುಂಗಡ ಕೊಡಬೇಡಿ. ಮೊದಲು ಆರ್‌ಸಿಯಲ್ಲಿರುವ, ಅಂದರೆ ನೋಂದಣಿ ಪತ್ರದಲ್ಲಿರುವ, ಚಾಸಿಸ್ ನಂಬ್ರ ಹಾಗೂ ಎಂಜಿನ್ ನಂಬ್ರಗಳನ್ನು ವಾಹನದ ಮೇಲೆ ಕೊರೆದಿರುವ ನಂಬ್ರಗಳೊಂದಿಗೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ಚಾಸಿಸ್ ನಂಬ್ರ ಸಾಮಾನ್ಯವಾಗಿ ಹ್ಯಾಂಡಲ್‌ನ ಕೆಳಗಿನ ಕೊಳವೆಯ ಪಕ್ಕದಲ್ಲಿರುತ್ತದೆ. ಅಲ್ಲಿ ಉಜ್ಜಿದ ಅಥವಾ ಮತ್ತೆ ಬಣ್ಣ ಬಳಿದ ಗುರುತಿದ್ದರೆ ಆ ವ್ಯವಹಾರವನ್ನು ಬಿಟ್ಟುಬಿಡುವುದೇ ಕ್ಷೇಮ. ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ವಾಹನದ ನಂಬ್ರ ಹಾಕಿ ನೋಂದಣಿ ಮತ್ತು ವಿಮೆಯ ಅವಧಿಯನ್ನು ನೋಡಿಕೊಳ್ಳಿ, ಬಾಕಿ ದಂಡವಿದೆಯೇ ಎಂಬುದನ್ನೂ ಪರಿಶೀಲಿಸಿ. ದ್ವಿಚಕ್ರ ವಾಹನದ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ಅದು ಮುಗಿಯುತ್ತ ಬಂದ ಬೈಕ್‌ಗೆ ಬೇಗನೆ ನವೀಕರಣದ ಖರ್ಚೂ ಬರುವುದರಿಂದ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅಂಥದ್ದನ್ನು ಗಡಿ ದಾಟಿಸಿ ತರಬೇಕೆಂದು ನಾನು ಯಾರಿಗೂ ಹೇಳಲಾರೆ.

ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ಎಂಬುದು ಇನ್ನೊಂದು ಮುಖ್ಯ ಸಂಗತಿ. ಸಾಲ ಎಂದೋ ತೀರಿದೆ ಎಂದು ಮಾರುವವರು ಪ್ರಾಮಾಣಿಕವಾಗಿಯೇ ಹೇಳಬಹುದು. ಆದರೆ ಬ್ಯಾಂಕಿನ ಪತ್ರ ಮತ್ತು ಸಹಿ ಹಾಕಿದ ಫಾರಂ 35ನ್ನು ಆರ್‌ಟಿಒಗೆ ಸಲ್ಲಿಸಿ ಆ ನಮೂದನ್ನು ತೆಗೆಸದಿದ್ದರೆ ಮುಂದಿನ ಹೆಜ್ಜೆ ಅಲ್ಲಿಯೇ ನಿಲ್ಲುತ್ತದೆ. ಈ ಕೆಲಸವನ್ನು ಮಾರುವವರಿಂದಲೇ ಮಾಡಿಸಿ.

ಇನ್ನು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಬೈಕ್ ನೋಂದಣಿಯಾಗಿರುವ ಕರ್ನಾಟಕದ ಕಚೇರಿಯಿಂದ ಇದನ್ನು ಪಡೆಯಬೇಕು. ಕೆಎ 19 ಆಗಿದ್ದರೆ ಮಂಗಳೂರು, ಕೆಎ 21 ಆಗಿದ್ದರೆ ಪುತ್ತೂರು. ಅರ್ಜಿ ಫಾರಂ 28ರಲ್ಲಿ. ಅದರೊಂದಿಗೆ ಆರ್‌ಸಿ, ವಿಮೆ ಮತ್ತು ತೆರಿಗೆ ಕಟ್ಟಿದ ದಾಖಲೆಗಳಿರಬೇಕು. ಚಾಸಿಸ್ ನಂಬ್ರದ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದುಕೊಡಬೇಕಾಗುತ್ತದೆ. ಬೈಕ್ ಯಾವ ಕಚೇರಿಗೆ ವರ್ಗವಾಗುತ್ತದೆ ಎಂಬುದನ್ನು ಅರ್ಜಿಯಲ್ಲಿ ತಿಳಿಸಬೇಕಾದ ಕಾರಣ, ನಿಮ್ಮ ಊರು ಕಾಸರಗೋಡಿನ ಕೆಎಲ್ 14ಕ್ಕೆ ಸೇರಿದೆಯೋ ಕಾಞಂಗಾಡಿನ ಕೆಎಲ್ 60ಕ್ಕೋ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅರ್ಜಿದಾರರು ಈಗಿನ ಮಾಲೀಕರೇ ಆಗಿರುವುದರಿಂದ ಅವರ ಸಹಿ, ಅವರ ಮೊಬೈಲ್‌ಗೆ ಬರುವ ಒಟಿಪಿ ಎಲ್ಲವೂ ಬೇಕು. ಪೂರ್ತಿ ಹಣ ಎಣಿಸಿಕೊಂಡವರಿಗೆ ಮತ್ತೆ ಮತ್ತೆ ಕಚೇರಿಗೆ ಬರುವ ಉತ್ಸಾಹ ಉಳಿಯುವುದಿಲ್ಲ. ಆದ್ದರಿಂದ ಎನ್‌ಒಸಿ ಕೈಗೆ ಬರುವವರೆಗೆ ಬೆಲೆಯ ಒಂದು ಭಾಗವನ್ನು ಉಳಿಸಿಕೊಳ್ಳುವುದಾಗಿ ಮೊದಲೇ ಮಾತಾಡಿ, ಅದನ್ನು ಮಾರಾಟದ ಕರಾರಿನಲ್ಲಿ ಬರೆಸಿಕೊಳ್ಳಿ.

ಬೈಕ್ ಕೈಬದಲಾಗುವ ದಿನ ಮಾರಾಟವನ್ನು ತಿಳಿಸುವ ಫಾರಂ 29ರ ಎರಡು ಪ್ರತಿಗಳಿಗೂ ಹೆಸರು ಬದಲಾವಣೆಯ ಫಾರಂ 30ಕ್ಕೂ ಸಹಿ ಹಾಕಿಸಿಕೊಂಡು, ಮಾರುವವರ ಗುರುತಿನ ಚೀಟಿಯ ಪ್ರತಿಯನ್ನು ಪಡೆಯಿರಿ. ಹೊರರಾಜ್ಯದ ವಾಹನವಾದರೆ ಮಾರಿದವರಿಗೆ ವರ್ಗಾವಣೆಯ ವರದಿ ಸಲ್ಲಿಸಲು 45 ದಿನಗಳ ಅವಕಾಶವಿದೆ. ಕೊಂಡವರು 30 ದಿನಗಳೊಳಗೆ ತಮ್ಮ ವಾಸಸ್ಥಳದ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅವರದೇ. ಅದು ಬೈಕ್‌ನೊಂದಿಗೆ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬ್ರ ಪಡೆಯಬೇಕೆಂದು ಅದೇ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಒಂದು ವರ್ಷವಿದೆಯಲ್ಲ ಎಂದುಕೊಂಡು ಹಲವರು ಹೆಸರು ಬದಲಾವಣೆಯನ್ನೂ ಮುಂದೂಡುತ್ತಾರೆ, ಕೆಲವರು ಮಂಗಳೂರಿನ ನೆಂಟರ ಹೆಸರಿನಲ್ಲಿಯೇ ಬೈಕ್ ಇಟ್ಟುಬಿಡುತ್ತಾರೆ. ಆ 12 ತಿಂಗಳು ನಂಬ್ರಕ್ಕೆ ಸಂಬಂಧಿಸಿದ್ದು, ಮಾಲೀಕತ್ವಕ್ಕಲ್ಲ. ಮಾರಾಟವಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಮಗೆ ಉಪಕಾರ ಮಾಡಿದ ನೆಂಟರನ್ನು ಅಂಥ ಅಪಾಯಕ್ಕೆ ಒಡ್ಡುವುದು ಸರಿಯಲ್ಲ.

ಕಾಸರಗೋಡಿನ ಕಚೇರಿಯ ಕೆಲಸ ಹೋಲಿಕೆಯಲ್ಲಿ ನೇರವಾಗಿದೆ. ಹೊಸ ನಂಬ್ರಕ್ಕೆ ಫಾರಂ 27, ಮಾಲೀಕತ್ವಕ್ಕೆ ಫಾರಂ 30, ಜೊತೆಗೆ ಎನ್‌ಒಸಿ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಮತ್ತು ವಿಳಾಸದ ದಾಖಲೆ. ಬೈಕ್‌ನ ವಯಸ್ಸಿಗೆ ಅನುಗುಣವಾಗಿ ಕೇರಳದ ತೆರಿಗೆ ಕಟ್ಟಿ, ವಾಹನವನ್ನು ತಪಾಸಣೆಗೆ ಒಯ್ಯಬೇಕು. ಮಲಯಾಳ ಓದಲು ಬಾರದ ನಮ್ಮ ಹಿರಿಯರು ಕಚೇರಿಯ ಸೂಚನಾಫಲಕದ ಮುಂದೆ ಅಳುಕುತ್ತ ನಿಲ್ಲುವುದನ್ನು ಕಂಡಿದ್ದೇನೆ. ಈ ಫಾರಂಗಳೆಲ್ಲ 1989ರ ಕೇಂದ್ರ ನಿಯಮಗಳವು. ಅವುಗಳ ಸಂಖ್ಯೆ ಎರಡೂ ರಾಜ್ಯಗಳಲ್ಲಿ ಒಂದೇ. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಭಾಷೆಯ ಗುಮಾಸ್ತರಿಗೂ ಅರ್ಥವಾಗುತ್ತದೆ.

ಹೊಸ ಆರ್‌ಸಿ ಬಂದ ಮೇಲೆ ಅದರ ಪ್ರತಿಯನ್ನು ಮಾರಿದವರಿಗೂ ಕಳುಹಿಸಿ. ಕರ್ನಾಟಕದಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಪಡೆಯಲು ಅರ್ಜಿ ಹಾಕಬಹುದು. ಆ ಹಣ ಯಾರಿಗೆ ಸೇರಬೇಕೆಂಬುದನ್ನು ಬೆಲೆ ಮಾತಾಡುವ ದಿನವೇ ತೀರ್ಮಾನಿಸಿ ಕರಾರಿನಲ್ಲಿ ಸೇರಿಸಿರಬೇಕು.