ಬುಟ್ಟಿಗೆ, ಬುಟ್ಟಿಯಿಂದ, ಬುಟ್ಟಿಯಲ್ಲಿ: ಪುಟ್ಟ ಮಕ್ಕಳಿಗೆ ವಿಭಕ್ತಿ ಕಲಿಸುವ ಬಗೆ

ಮೂರನೇ ತರಗತಿಯ ಮಗುವನ್ನು ‘ಚತುರ್ಥೀ ವಿಭಕ್ತಿಯ ಪ್ರತ್ಯಯ ಯಾವುದು?’ ಎಂದು ಕೇಳಿದರೆ ಅದು ಕಣ್ಣು ಕಣ್ಣು ಬಿಡುತ್ತದೆ. ಅದೇ ಮಗು ಸಂಜೆಯ ಗಂಟೆ ಬಾರಿಸಿದ ಕೂಡಲೇ ‘ಮನೆಗೆ ಹೋಗ್ತೀನಿ’ ಎಂದು ಚೀಲವನ್ನು ಹೆಗಲಿಗೇರಿಸುತ್ತದೆ. ಆ ‘ಗೆ’ಯನ್ನು ಅದಕ್ಕೆ ಯಾರೂ ಕೂರಿಸಿ ಕಲಿಸಿದ್ದಿಲ್ಲ. ನಾಲಿಗೆಗೆ ಆಗಲೇ ಗೊತ್ತಿರುವುದನ್ನು ಕಣ್ಣಿಗೂ ಕೈಗೂ ಸಿಗುವಂತೆ ಮಾಡಿದರೆ ವ್ಯಾಕರಣದ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಪ್ರತ್ಯಯವು ಪದದ ಕೊನೆಗೆ ಬಂದು ಅಂಟಿಕೊಳ್ಳುವುದರಿಂದ, ಅಂಟಿಸಿ ಬಿಡಿಸಿ ನೋಡುವ ಆಟಕ್ಕೆ ನಮ್ಮ ಭಾಷೆ ಚೆನ್ನಾಗಿ ಒಗ್ಗುತ್ತದೆ.

ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ: ಒಂದು ಬುಟ್ಟಿ, ಒಂದು ಚೆಂಡು, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು, ಬಟ್ಟೆ ಒಣಹಾಕುವ ಹತ್ತಿಪ್ಪತ್ತು ಕ್ಲಿಪ್ಪುಗಳು. ಚೀಟಿಗಳ ಮೇಲೆ ಮಕ್ಕಳಿಗೆ ಪರಿಚಿತವಾದ ನಾಮಪದಗಳನ್ನು ದಪ್ಪಕ್ಷರದಲ್ಲಿ ಬರೆಯಿರಿ. ಕ್ಲಿಪ್ಪುಗಳ ಮೇಲೆ ‘ಅನ್ನು’, ‘ಇಂದ’, ‘ಗೆ’, ‘ಕ್ಕೆ’, ‘ಅ’, ‘ಅಲ್ಲಿ’ ಎಂದು ಬರೆದ ಕಾಗದದ ಪಟ್ಟಿಗಳನ್ನು ಅಂಟಿಸಿ.

ಮೊದಲ ಎರಡು ಮೂರು ದಿನ ಚೀಟಿಯನ್ನು ಹೊರಗೆ ತೆಗೆಯಬೇಡಿ. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ, ನಡುವೆ ಬುಟ್ಟಿಯನ್ನಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಅಪ್ಪಣೆ ಕೊಡಿ: ‘ಚೆಂಡನ್ನು ಬುಟ್ಟಿಗೆ ಹಾಕು’, ‘ಬುಟ್ಟಿಯಿಂದ ತೆಗೆ’, ‘ಬುಟ್ಟಿಯಲ್ಲಿ ಏನಿದೆ ನೋಡು’, ‘ಬುಟ್ಟಿಯನ್ನು ಎತ್ತು’, ‘ಬುಟ್ಟಿಯ ಅಂಚು ಮುಟ್ಟು’. ಬುಟ್ಟಿ ಒಂದೇ ಆದರೂ ಪದದ ಬಾಲ ಬದಲಾದಂತೆ ಮಾಡುವ ಕೆಲಸವೂ ಬದಲಾಗುತ್ತದೆ ಎಂಬುದು ಮಗುವಿಗೆ ಮೈಯಿಂದಲೇ ತಿಳಿಯುತ್ತದೆ. ಆಮೇಲೆ ಅಪ್ಪಣೆ ಕೊಡುವ ಸರದಿಯನ್ನು ಮಕ್ಕಳಿಗೇ ಬಿಡಿ. ಕೇಳಿಸಿಕೊಂಡು ಮಾಡುವುದಕ್ಕಿಂತ ಹೇಳಿ ಮಾಡಿಸುವಾಗ ಪ್ರತ್ಯಯದ ಮೇಲೆ ಹೆಚ್ಚು ಗಮನ ಬೇಕಾಗುತ್ತದೆ.

ಇದಾದ ಮೇಲೆ ಚೀಟಿ ಮತ್ತು ಕ್ಲಿಪ್ಪುಗಳನ್ನು ಕೊಡಿ. ‘ಬುಟ್ಟಿ’ ಚೀಟಿಗೆ ‘ಇಂದ’ ಕ್ಲಿಪ್ಪನ್ನು ಸಿಕ್ಕಿಸಿದ ಮಗು ಅದನ್ನು ಗಟ್ಟಿಯಾಗಿ ಓದಿದಾಗ ‘ಬುಟ್ಟಿ-ಇಂದ’ ಎಂದಾಗಿ, ಕಿವಿಗೆ ಒಪ್ಪದೆ, ತಾನಾಗಿಯೇ ‘ಬುಟ್ಟಿಯಿಂದ’ ಎಂದು ತಿದ್ದಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ‘ನಡುವೆ ಯಾರು ಬಂದರು?’ ಎಂದು ಕೇಳಿ. ‘ಯ’ ಬಂತು ಎಂಬ ಉತ್ತರ ಬಂದೊಡನೆ, ಬೇರೆ ಬಣ್ಣದ ಸಣ್ಣ ಚೀಟಿಯಲ್ಲಿ ‘ಯ್’ ಎಂದು ಬರೆದು ನಡುವೆ ಇಡಲು ಹೇಳಿ. ಮುಂದೆ ‘ಗುರುವನ್ನು’ ಎನ್ನುವಾಗ ‘ವ್’ ಚೀಟಿಯೂ, ‘ಮರದಲ್ಲಿ’ ಎನ್ನುವಾಗ ‘ದ್’ ಚೀಟಿಯೂ ಬೇಕಾಗುತ್ತವೆ. ಆಗಮ ಸಂಧಿ ಎಂಬ ಹೆಸರನ್ನು ಈಗ ಹೇಳುವ ಅಗತ್ಯವಿಲ್ಲ.

ನನಗೆ ತುಂಬ ಇಷ್ಟವಾದದ್ದು ಇದರ ಮುಂದಿನ ಹೆಜ್ಜೆ. ಇದಕ್ಕೆ ಒಂದು ಇಡೀ ವಾರ ಕೊಟ್ಟರೂ ನಷ್ಟವಿಲ್ಲ. ನಾಲ್ಕು ತಟ್ಟೆಗಳ ಮೇಲೆ ಕ್ರಮವಾಗಿ ‘ಗೆ’, ‘ಇಗೆ’, ‘ಕ್ಕೆ’, ‘ನಿಗೆ’ ಎಂದು ಬರೆದಿಡಿ. ಮನೆ, ನಾಯಿ, ಊರು, ಕಾಲು, ಮರ, ಪುಸ್ತಕ, ತಾತ, ಅಕ್ಕ ಮುಂತಾದ ಮೂವತ್ತು ಚೀಟಿಗಳನ್ನು ಕಲಸಿ ಕೊಟ್ಟು, ಬಾಯಲ್ಲಿ ಹೇಳಿ ನೋಡಿ ಸರಿಯಾದ ತಟ್ಟೆಗೆ ಹಾಕಲು ಹೇಳಿ. ಮನೆಗೆ, ಊರಿಗೆ, ಮರಕ್ಕೆ, ತಾತನಿಗೆ ಎಂದು ಚೀಟಿಗಳು ಬೇರೆಬೇರೆಯಾದ ಮೇಲೆ ಪ್ರತಿ ತಟ್ಟೆಯ ಪದಗಳನ್ನೂ ಸಾಲಾಗಿ ಜೋಡಿಸಿ, ಅವುಗಳ ಕೊನೆಯಲ್ಲಿ ಯಾವ ಸ್ವರ ಕೇಳಿಸುತ್ತದೆ ಎಂದು ವಿಚಾರಿಸಿ. ಇ, ಎ ಸ್ವರಗಳಲ್ಲಿ ಮುಗಿಯುವ ಪದಗಳು ‘ಗೆ’ ತಟ್ಟೆಯಲ್ಲಿ, ಉಕಾರದವು ‘ಇಗೆ’ ತಟ್ಟೆಯಲ್ಲಿ ಸೇರಿರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಅಕಾರದ ಪದಗಳು ಮಾತ್ರ ಎರಡು ತಟ್ಟೆಗಳಿಗೆ ಹಂಚಿಹೋಗಿರುತ್ತವೆ: ವಸ್ತುಗಳಿಗೆ ‘ಕ್ಕೆ’, ಮನುಷ್ಯರಿಗೆ ‘ನಿಗೆ’.

ಒಮ್ಮೆ ಎರಡನೇ ತರಗತಿಯ ಹುಡುಗಿಯೊಬ್ಬಳು ‘ಸೂರ್ಯ’ ಚೀಟಿಯನ್ನು ‘ಕ್ಕೆ’ ತಟ್ಟೆಗೆ ಹಾಕಿ, ‘ಸೂರ್ಯ ಮನುಷ್ಯ ಅಲ್ಲವಲ್ಲ ಮಿಸ್’ ಎಂದಳು. ಪಕ್ಕದಲ್ಲಿದ್ದವನು, ‘ಸೂರ್ಯನಿಗೆ ನಮಸ್ಕಾರ ಅಂತೀವಿ ಕಣೇ’ ಎಂದ. ಅವಳು ‘ಸೂರ್ಯಕ್ಕೆ, ಸೂರ್ಯನಿಗೆ’ ಎಂದು ಎರಡು ಸಲ ಹೇಳಿಕೊಂಡು, ಚೀಟಿಯನ್ನು ಎತ್ತಿ ತಾತನ ಪಕ್ಕದಲ್ಲಿಟ್ಟಳು. ಬಳಿಕ ಇಡೀ ತರಗತಿ ಆಕಾಶದತ್ತ ತಿರುಗಿ, ಚಂದ್ರನೂ ಅದೇ ತಟ್ಟೆಯವನೆಂದೂ ನಕ್ಷತ್ರ ಮಾತ್ರ ‘ಕ್ಕೆ’ಯಲ್ಲೇ ಉಳಿಯಬೇಕೆಂದೂ ತೀರ್ಮಾನಿಸಿತು. ಲಿಂಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಇದುವರೆಗೆ ಸಿಕ್ಕಿಲ್ಲ. ‘ಹಸು’, ‘ಕರು’ ಚೀಟಿಗಳು ಬಂದಾಗಲೂ ಹೀಗೆಯೇ ತಡೆಯುತ್ತದೆ. ‘ಕಾಲಿಗೆ’ ಎನ್ನುವಲ್ಲಿ ಉಕಾರ ಬಿದ್ದುಹೋದರೆ ‘ಹಸುವಿಗೆ’ ಎನ್ನುವಲ್ಲಿ ಅದು ಉಳಿದು ‘ವ್’ ಚೀಟಿಯನ್ನು ಕರೆಯುತ್ತದೆ. ಉತ್ತರವನ್ನು ನೀವೇ ಹೇಳಿಬಿಡಬೇಡಿ.

ಮನೆಮಾತಿನ ವಿಷಯದಲ್ಲಿ ಎಚ್ಚರ ಬೇಕು. ಮೈಸೂರು ಸೀಮೆಯ ಮಗು ‘ಮನೇಲಿ’ ಎಂದರೆ ಧಾರವಾಡದ ಮಗು ‘ಮನ್ಯಾಗ’ ಎನ್ನುತ್ತದೆ. ಪುಸ್ತಕದಲ್ಲಿ ‘ಮನೆಯಲ್ಲಿ’ ಎಂದಿರುತ್ತದೆ. ಮೊದಲೆರಡನ್ನು ತಪ್ಪೆಂದು ಹೊಡೆದುಹಾಕಿದರೆ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಮೂರಕ್ಕೂ ಒಂದೊಂದು ಕ್ಲಿಪ್ಪು ಮಾಡಿ, ಮಾತಿನಲ್ಲಿ ಯಾವುದು, ಬರವಣಿಗೆಯಲ್ಲಿ ಯಾವುದು ಎಂದು ಬೇರೆಯಾಗಿ ಜೋಡಿಸಿಡಿ. ತುಳು, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳಿಗೆ ಕಿವಿಯೇ ತಿದ್ದುವಷ್ಟು ಕನ್ನಡದ ರೂಢಿ ಇನ್ನೂ ಆಗಿರದ ಕಾರಣ, ಬುಟ್ಟಿ ಮತ್ತು ಚೆಂಡಿನ ಆಟವನ್ನೇ ಇನ್ನೂ ಕೆಲವು ವಾರ ಆಡಿಸಬೇಕು.

ಒಂದು ಸಲಕ್ಕೆ ಹದಿನೈದು ನಿಮಿಷ, ನಾಲ್ಕೈದು ಮಕ್ಕಳ ಗುಂಪು ಸಾಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯ ತರಗತಿಗಳಲ್ಲಿ ಮಕ್ಕಳು ಗುಂಪಾಗಿ ಕುಳಿತು ಕಾರ್ಡುಗಳಿಂದಲೇ ಕಲಿಯುವುದರಿಂದ, ಅಲ್ಲಿ ಈ ತಟ್ಟೆಗಳಿಗೆ ಪ್ರತ್ಯೇಕ ವ್ಯವಸ್ಥೆಯೇ ಬೇಡ. ಪಂಚಮಿಯ ‘ದೆಸೆಯಿಂದ’ ಎಂಬುದನ್ನು ಈ ವಯಸ್ಸಿಗೆ ಪೂರ್ತಿಯಾಗಿ ಬಿಟ್ಟುಬಿಡಿ. ಮಾತಿನಲ್ಲಿ ‘ಇಂದ’ ಎಂಬುದೇ ಆ ಕೆಲಸವನ್ನೂ ಮಾಡುತ್ತಿರುವಾಗ, ಮಗು ಎಲ್ಲಿಯೂ ಕೇಳದ ರೂಪವನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ.

ದ್ವಿತೀಯಾ, ತೃತೀಯಾ, ಚತುರ್ಥೀ ಎಂಬ ಹೆಸರುಗಳು ಕೊನೆಗೆ ಬರಲಿ. ಮಕ್ಕಳು ದೊಡ್ಡ ತರಗತಿಗೆ ಹೋದಾಗ ಅದೇ ನಾಲ್ಕು ತಟ್ಟೆಗಳನ್ನು ಮತ್ತೆ ಹೊರತೆಗೆದು, ಎಲ್ಲವನ್ನೂ ಒಂದು ದೊಡ್ಡ ಹರಿವಾಣದೊಳಗಿಟ್ಟು, ಹರಿವಾಣದ ಅಂಚಿಗೆ ‘ಚತುರ್ಥೀ’ ಎಂಬ ಚೀಟಿ ಅಂಟಿಸಿ.